ಅಳೆಯದ ದೇವರಿಗೆ ಪಾಟನ್ನಿನ ಪ್ರಭಾವಳಿ

ತೀರ್ಥಹಳ್ಳಿ

ನೇಪಾಳಕ್ಕೆ ಹೋಗಿ ಬಂದವರೆಲ್ಲ ಹಿಮಾಲಯ ಎಷ್ಟು ದೊಡ್ಡದು ಅಂತ ಎರಡು ಕೈ ಅಗಲಿಸಿ ತೋರಿಸುತ್ತಾರೆ. ನಾನೂ ಹೋಗಿ ಬಂದೆ. ಅಲ್ಲಿ ಏನಾದರೂ ಎಷ್ಟು ದೊಡ್ಡದಿತ್ತು ಅಂತ ಯಾರಾದರೂ ಕೇಳಿದರೆ ಈಗ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತೇನೆ. ಮುಂಚೆ ಹಾಗಿರಲಿಲ್ಲ.

ನಮ್ಮ ಯಜಮಾನರು ತೀರ್ಥಹಳ್ಳಿಯಲ್ಲಿ ಟೈಲರ್. ಕೊರಳಲ್ಲಿ ಸದಾ ಟೇಪು. ಊಟಕ್ಕೆ ಕೂತಾಗಲೂ ತೆಗೆಯಲು ಮರೆತು ಅದರ ತುದಿ ಸಾರಿನಲ್ಲಿ ಮುಳುಗಿದ್ದುಂಟು. ನನಗೆ ಟೇಪು, ತಕ್ಕಡಿ ಅಂದರೆ ಮೊದಲಿನಿಂದಲೂ ಅಸಡ್ಡೆ. ದೇವರು ಕಣ್ಣು ಕೊಟ್ಟಿರುವುದು ಯಾಕೆ? ನಾನು ಕಟ್ಟಿದ ರವೆ ಉಂಡೆಗಳನ್ನು ಸಾಲಾಗಿ ಇಟ್ಟರೆ ಯಾವುದು ಮೊದಲು ಕಟ್ಟಿದ್ದು, ಯಾವುದು ಕೊನೆಗೆ ಅಂತ ಯಾರಿಗೂ ಹೇಳಲಾಗುವುದಿಲ್ಲ. ಇಷ್ಟು ಜನಕ್ಕೆ ಎಷ್ಟು ಅಕ್ಕಿ ಬೇಕು ಅಂತ ನಮ್ಮ ಬೀದಿಯವರು ಕೇಳುವುದು ನನ್ನನ್ನೇ. ಎಲ್ಲ ಅವನು ಕೊಟ್ಟಿದ್ದು ಅಂತ ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸಿನಲ್ಲಿ ನನ್ನದೇ ಅಂದುಕೊಂಡಿದ್ದೆ.

ನಮ್ಮ ಮನೆದೇವರು ವೆಂಕಟರಮಣ. ಕಂಚಿನ ವಿಗ್ರಹ, ನಮ್ಮ ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು. ಅವನ ಎಡಬಲಕ್ಕೆ ಹೆಬ್ಬೆರಳಿನಷ್ಟು ಎತ್ತರದ ಬಾಲಕೃಷ್ಣ, ಅದಕ್ಕಿಂತ ಚಿಕ್ಕ ಅನ್ನಪೂರ್ಣೆ, ಒಂದು ಪುಟ್ಟ ನಂದಿ, ಸಾಲಿಗ್ರಾಮಗಳು. ಅಷ್ಟು ಮಂದಿಯ ನಡುವೆ ವೆಂಕಟರಮಣ ಪಟ್ಟದರಸನ ಹಾಗೆ ನಿಂತಿರುತ್ತಾನೆ. ಆದರೆ ಬೆನ್ನ ಹಿಂದೆ ಪ್ರಭಾವಳಿ ಇರಲಿಲ್ಲ. ದೇವರ ಹಿಂದೆ ಕಮಾನಿನ ಹಾಗೆ ನಿಲ್ಲಿಸುತ್ತಾರಲ್ಲ, ಆ ಹಿತ್ತಾಳೆಯ ಚೌಕಟ್ಟು ಒಂದು ಆಗಲಿ ಅನ್ನುವುದು ಅತ್ತೆಯ ಬಹಳ ವರ್ಷದ ಆಸೆ. ನಾನು, ಯಜಮಾನರು, ಸಾಗರದಲ್ಲಿರುವ ನಾದಿನಿ ಪದ್ಮ, ಮೂವರೂ ಟೂರಿನವರ ಜೊತೆ ನೇಪಾಳಕ್ಕೆ ಹೊರಟಿದ್ದೇವೆ ಅಂದಾಗ, ಅಲ್ಲಿ ಪಾಟನ್ ಅನ್ನುವ ಊರಲ್ಲಿ ಹಿತ್ತಾಳೆ ಕೆಲಸ ಬಹಳ ಚೆಂದ ಅಂತ ಪುರೋಹಿತರು ಹೇಳಿದರು. ಅಲ್ಲಿಗೆ ಅತ್ತೆಯ ತೀರ್ಮಾನ ಆಯಿತು.

ತೊಡಕು ಒಂದೇ. ನಮ್ಮ ಮನೆಯಲ್ಲಿ ಕೂಸನ್ನೂ ದೇವರನ್ನೂ ಅಳೆಯುವಂತಿಲ್ಲ. ಅಳೆದರೆ ಬೆಳವಣಿಗೆ ನಿಲ್ಲುತ್ತದೆ ಅನ್ನುತ್ತಾರೆ. ಊರಿಗೆಲ್ಲ ಅಳತೆ ತೆಗೆಯುವ ನಮ್ಮ ಯಜಮಾನರು ಸ್ವಂತ ಮಕ್ಕಳ ಮೊದಲ ಹುಟ್ಟುಹಬ್ಬಕ್ಕೆ ಅಂದಾಜಿನಲ್ಲೇ ಅಂಗಿ ಹೊಲಿದವರು. ದೇವರ ಕೋಣೆಗೆ ಬರುವಾಗ ಟೇಪನ್ನು ಹೊರಗೆ ಗೂಟಕ್ಕೆ ಹಾಕಿಯೇ ಬರಬೇಕು.

ಸಾಗರದ ಗುಡಿಗಾರರಿಗೆ ಹೇಳಿದರೆ ಮನೆಗೇ ಬಂದು ನೋಡಿಕೊಂಡು ಹೋಗಿ ಮರದಲ್ಲಿ ಕೆತ್ತಿ ಕೊಡುತ್ತಾರೆ ಅಂತ ಪದ್ಮ ಹೇಳಿ ನೋಡಿದಳು. ದೀಪದ ಪಕ್ಕ ಮರ ಬೇಡ ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಸುಶೀಲಾ, ನೀನೇ ನೋಡಿ ತಗಂಡು ಬಾ. ನಿನ್ನ ಕಣ್ಣು ಸಾಕು" ಅಂದರು. ಸ್ವಂತ ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಸಂತೋಷವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ನಾವು ಬಂದ ಮೇಲಿನ ಶನಿವಾರ ಪೂಜೆ ಅಂತ ಹೊಸನಗರದ ನನ್ನ ತವರಿಗೂ ಸಾಗರದ ನೆಂಟರಿಗೂ ಹೇಳಿಕಳಿಸಿದ್ದಾಯಿತು. ಪ್ರಭಾವಳಿ ಹೊಂದದಿದ್ದರೆ ಅಷ್ಟೂ ಜನರ ಎದುರು ಹೋಗುವುದು ಬೇರೆ ಯಾರ ಮಾನವೂ ಅಲ್ಲ.

ಕಠ್ಮಂಡು

ಪಶುಪತಿನಾಥನ ದರ್ಶನ ಚೆನ್ನಾಗಿ ಆಯಿತು. ಅಲ್ಲಿ ಪೂಜೆಗೆ ನಿಂತಿದ್ದ ಭಟ್ಟರು ನಮ್ಮ ಮಾತು ಕೇಳಿ ಕನ್ನಡದಲ್ಲೇ ಯಾವೂರು ಅಂತ ವಿಚಾರಿಸಿದಾಗ ಕಣ್ಣಲ್ಲಿ ನೀರು ಬಂತು. ಅದೊಂದು ಪುಣ್ಯ. ಮಿಕ್ಕಂತೆ ಊರು ಧೂಳು. ಅಲ್ಲಿಯ ಜನ ಗುಡಿ ಕಂಡಲ್ಲೆಲ್ಲ ಹಣೆ ಎದೆ ಮುಟ್ಟಿಕೊಳ್ಳುತ್ತಾರೆ. ಗುಡಿ ಹೆಜ್ಜೆಗೊಂದು ಇರುವುದರಿಂದ ರಸ್ತೆ ದಾಟುವಾಗ ಎಡಬಲ ನೋಡಲು ಪುರುಸೊತ್ತಾಗುವುದಿಲ್ಲ. ನಮ್ಮ ಟೂರಿನವರಿಗೆ ಭಕ್ತಿಯೂ ಇರಲಿಲ್ಲ, ಎಡಬಲ ನೋಡುವ ಬುದ್ಧಿಯೂ ಇರಲಿಲ್ಲ. ಹೋದಲ್ಲೆಲ್ಲ ಮೊಮೊ ತಿಂದರು. ಕಡುಬಿಗೆ ಹೊಟ್ಟೆ ಕೆಟ್ಟರೆ ಹೇಗಿರುತ್ತೋ ಹಾಗಿರುತ್ತದೆ ಅದು.

ಮಧ್ಯಾಹ್ನ ಒಂದು ಮಾಲ್‌ಗೆ ಕರೆದುಕೊಂಡು ಹೋದರು. ಮೇಲಿನ ಮಹಡಿಯಲ್ಲಿ ಕಣ್ಣಿಗೆ ಮೋಸ ಮಾಡುವ ಪ್ರದರ್ಶನ. ಟಿಕೆಟ್ ತೆಗೆದುಕೊಂಡು ಮೋಸ ಹೋಗಲು ಜನ ಸಾಲು ನಿಂತಿದ್ದರು. ನಮ್ಮೂರಲ್ಲಿ ಅದಕ್ಕೆ ಸಾಲು ನಿಲ್ಲಬೇಕಾಗಿಲ್ಲ, ಮೋಸ ಮಾಡುವವರು ಮನೆ ಬಾಗಿಲಿಗೇ ಬರುತ್ತಾರೆ.

ಒಂದು ಕೋಣೆ ಇತ್ತು. ಅದರ ಒಂದು ಮೂಲೆಯಲ್ಲಿ ನಿಂತವರು ಕುಳ್ಳರಾಗಿ, ಇನ್ನೊಂದು ಮೂಲೆಯಲ್ಲಿ ನಿಂತವರು ದೈತ್ಯರಾಗಿ ಕಾಣುತ್ತಾರೆ. ನಾನು ಹೊರಗಿನಿಂದ ಕಿಂಡಿಯಲ್ಲಿ ನೋಡಿದೆ. ಪದ್ಮಳ ತಲೆ ಸೂರಿಗೆ ತಾಗುತ್ತಿತ್ತು. ಅವಳ ಅಣ್ಣ, ನಮ್ಮ ಯಜಮಾನರು, ಅವಳ ಸೊಂಟಕ್ಕೂ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಜಡೆ ಎಳೆಯುತ್ತಿದ್ದಾಗ ಇಂಥ ಮನೆ ನಮಗಿರಬೇಕಿತ್ತು ಅಂತ ಅವಳು ಅಲ್ಲಿಂದಲೇ ಅಣ್ಣನಿಗೆ ಹೇಳಿದಳು. ಅವರು ಅದಕ್ಕೆ ಕಿವಿಗೊಡದೆ ನೆಲ ನೋಡುತ್ತಿದ್ದರು. ಹೊರಗೆ ಬಂದು ನನಗೆ ವಿವರಿಸಿದರು: ಗೋಡೆ ಓರೆ ಕಟ್ಟಿದ್ದಾರೆ, ಒಂದು ಮೂಲೆ ನಿಜವಾಗಿ ದೂರ ಇದೆ, ನೆಲದ ಚೌಕುಳಿಯನ್ನು ಅತ್ತ ಹೋದಂತೆ ದೊಡ್ಡದು ಮಾಡಿ ಅದನ್ನು ಮರೆಸಿದ್ದಾರೆ.

"ನಾವೂ ಇದನ್ನೇ ಮಾಡದು ಮಾರಾಯ್ತಿ. ದಪ್ಪ ಇದ್ದೋರಿಗೆ ಉದ್ದ ಗೆರೆ ಬಟ್ಟೆ, ಕುಳ್ಳಗಿದ್ದೋರಿಗೆ ಸಣ್ಣ ಅಂಚು."

ಇಷ್ಟು ವರ್ಷ ಊರವರ ಕಣ್ಣಿಗೆ ಮಣ್ಣೆರಚಿ ಬದುಕಿದ್ದೀರಿ ಹಾಗಾದರೆ ಅಂದೆ. ಹೌದು ಅಂತ ಒಪ್ಪಿಕೊಂಡರು.

ಮುಂದೆ ಗೋಡೆಯ ಮೇಲೆ ಎರಡು ಕಿತ್ತಳೆ ಬಣ್ಣದ ಬಿಲ್ಲೆಗಳ ಚಿತ್ರ. ಒಂದರ ಸುತ್ತ ದೊಡ್ಡ ದೊಡ್ಡ ಬಿಲ್ಲೆಗಳು, ಇನ್ನೊಂದರ ಸುತ್ತ ಪುಟ್ಟ ಪುಟ್ಟವು. ನಡುವಿನ ಎರಡರಲ್ಲಿ ಯಾವುದು ದೊಡ್ಡದು ಅಂತ ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಹಿಂದಿಯಲ್ಲಿ ಕೇಳಿದಳು. ಪುಟ್ಟವುಗಳ ನಡುವೆ ಇರುವುದು, ಅದರಲ್ಲೇನಿದೆ ಅಂದೆ. ಅವಳು ದುಂಡಗೆ ಕಿಂಡಿ ಕೊರೆದ ಒಂದು ರಟ್ಟನ್ನು ತಂದು ಮೊದಲು ಇದರ ಮೇಲಿಟ್ಟಳು, ಆಮೇಲೆ ಅದರ ಮೇಲಿಟ್ಟಳು. ಎರಡೂ ಕಿಂಡಿಯಲ್ಲಿ ಸರಿಯಾಗಿ ಕೂತವು. ಎರಡೂ ಒಂದೇ ಅಳತೆಯವು, ಚಿಕ್ಕವರ ನಡುವೆ ಇದ್ದದ್ದು ದೊಡ್ಡದಾಗಿ ಕಾಣುತ್ತದೆ, ದೊಡ್ಡವರ ನಡುವೆ ಇದ್ದದ್ದು ಚಿಕ್ಕದಾಗಿ ಕಾಣುತ್ತದೆ, ಅಷ್ಟೇ ಅಂದಳು.

ನಾನು ಒಪ್ಪಲಿಲ್ಲ. ರಟ್ಟಿನಲ್ಲೇ ಏನೋ ಕೈಚಳಕ ಇದೆ ಅಂದೆ.

"ರಟ್ಟಿಗೆ ಕಣ್ಣಿಲ್ಲ ಅತ್ತಿಗೆ. ಅದ್ಕೇ ಅದು ಮೋಸ ಹೋಗಲ್ಲ" ಅಂದಳು ಪದ್ಮ.

ರವೆ ಉಂಡೆ ಕಟ್ಟಿ ಗೊತ್ತಿಲ್ಲದವರಿಗೆ ಇಂಥದ್ದೆಲ್ಲ ದೊಡ್ಡ ವಿದ್ಯೆ. ಅವಳು ಕಟ್ಟಿದ ಉಂಡೆಗಳಲ್ಲಿ ತಾಯಿ, ಮಗಳು, ಮೊಮ್ಮಗಳು ಎಲ್ಲ ಇರುತ್ತಾರೆ. ಅದನ್ನು ಹೇಳಿಯೇ ಹೊರಗೆ ಬಂದೆ.

ಪೋಖರಾ

ಪೋಖರಾದಲ್ಲಿ ಸೂರ್ಯೋದಯ ನೋಡಲು ಗುಡ್ಡ ಹತ್ತಿಸಿದರು. ನಮ್ಮ ಆಗುಂಬೆಗೆ ಸೂರ್ಯಾಸ್ತ ನೋಡಲು ಬರುವ ಜನ ಇದ್ದಾರಲ್ಲ, ಅದೇ ಜನ, ಅದೇ ನೂಕಾಟ, ಅದೇ ಚಿಪ್ಸ್ ಪ್ಯಾಕೆಟ್ಟು. ಸೂರ್ಯನಿಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಳ್ಳುವುದಾದರೆ ಅಷ್ಟು ದೂರ ಯಾಕೆ ಬರಬೇಕೋ. ಅವನಂತೂ ಬಂದ. ಗುಡ್ಡದ ಅಂಚಿನ ಮೇಲೆ ಹರಿವಾಣದಷ್ಟು ದೊಡ್ಡ, ಕುಂಕುಮದಷ್ಟು ಕೆಂಪು. ಕೈಮುಗಿದೆ. ಪದ್ಮ ಮೊಬೈಲಿನಲ್ಲಿ ಹಿಡಿದಳು. ಫೋಟೋದಲ್ಲಿ ನೋಡಿದರೆ ಸಾಸಿವೆ ಕಾಳು. ನಿನ್ನ ಮೊಬೈಲು ಕೆಟ್ಟಿದೆ ಅಂದೆ.

ಯಜಮಾನರು ಜೇಬಿನಿಂದ ಒಂದು ಶರಟಿನ ಗುಂಡಿ ತೆಗೆದರು. ಅವರ ಜೇಬಿನಲ್ಲಿ ಗುಂಡಿ ಇಲ್ಲದ ದಿನವಿಲ್ಲ. ತೋಳು ಚಾಚಿ, ಒಂದು ಕಣ್ಣು ಮುಚ್ಚಿ ಅದನ್ನು ಹಿಡಿದರು. ನನಗೂ ಹಾಗೇ ಮಾಡಲು ಹೇಳಿದರು. ಹರಿವಾಣದಂಥ ಸೂರ್ಯ ಪೂರ್ತಿಯಾಗಿ ಗುಂಡಿಯ ಹಿಂದೆ ಹೋದ. ನಡುನೆತ್ತಿಗೆ ಬಂದಾಗಲೂ ಅವನು ಇಷ್ಟೇ ಇರುತ್ತಾನೆ, ಗುಡ್ಡದ ಅಂಚಿನಲ್ಲಿದ್ದಾಗ ಮಾತ್ರ ನಮಗೆ ದೊಡ್ಡದು ಕಾಣುತ್ತದೆ ಅಂದರು. ಸೂರ್ಯನಾರಾಯಣನನ್ನು ಶರಟಿನ ಗುಂಡಿಯಲ್ಲಿ ಅಳೆಯುವ ಗಂಡಸಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಕ್ಷಮಿಸು ಅಂತ ಇನ್ನೊಂದು ಸಲ ಕೈಮುಗಿದೆ.

ನಾವಿದ್ದ ಹೋಟೆಲಿನ ಹಿಂದೆಯೇ ಮೀನಿನ ಬಾಲದ ಹಾಗಿರುವ ಬಿಳಿ ಬೆಟ್ಟ. ಅದು ದೇವರ ಬೆಟ್ಟ, ಯಾರೂ ತುದಿಗೆ ಹತ್ತುವುದಿಲ್ಲವಂತೆ. ಹತ್ತುವುದು ಬೇಡ, ಬುಡದಲ್ಲಿ ಒಂದು ಕಾಯಿ ಒಡೆದು ತಿಂಡಿ ಹೊತ್ತಿಗೆ ಬಂದರಾಯಿತು ಅಂತ ಯಜಮಾನರನ್ನು ಎಬ್ಬಿಸಿಕೊಂಡು ಮರುದಿನ ಬೆಳಿಗ್ಗೆ ಹೊರಟೆ. ನನ್ನ ತಪ್ಪಲ್ಲ. ನಮ್ಮ ಕಡೆ ಹತ್ತಿರದ ಬೆಟ್ಟ ಹಸಿರು, ದೂರದ್ದು ನೀಲಿ, ಇನ್ನೂ ದೂರದ್ದು ಮಂಜಿನೊಳಗೆ ಇಲ್ಲವೇ ಇಲ್ಲ. ಕುಂದಾದ್ರಿಯ ಬಂಡೆಯ ಬಿರುಕು ಕಾಣುತ್ತಿದೆ ಅಂದರೆ ನಾವು ಅದರ ಬುಡದಲ್ಲಿದ್ದೇವೆ ಅಂತ ಅರ್ಥ. ಇಲ್ಲಿ ಹಿಮದ ಮೇಲಿನ ಗೀರು ಕೂಡ ಕಾಣುತ್ತಿತ್ತು.

ಒಂದು ಗಂಟೆ ನಡೆದೆವು. ಬೆಟ್ಟ ಅಲ್ಲೇ ಇತ್ತು. ನಾವು ನಡೆದಷ್ಟೂ ಅದೂ ಹಿಂದೆ ಸರಿದಂತೆ ಇತ್ತು. ಬೆನ್ನಿಗೆ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ಇನ್ನೆಷ್ಟು ದೂರ ಅಂತ ಕೇಳಿದೆ. ಅವಳು ಬೆಟ್ಟವನ್ನೂ ನನ್ನ ಕೈಯಲ್ಲಿದ್ದ ತೆಂಗಿನಕಾಯಿಯನ್ನೂ ನನ್ನ ಚಪ್ಪಲಿಯನ್ನೂ ನೋಡಿ, ಬುಟ್ಟಿ ಇಳಿಸಿ, ನೆಮ್ಮದಿಯಾಗಿ ನಕ್ಕಳು. ಆಮೇಲೆ ಕೈಯ ಐದೂ ಬೆರಳು ತೋರಿಸಿದಳು. ಐದು ಮೈಲಿಯಾ ಅಂದೆ. ಐದು ದಿನ.

"ಕಾಯಿ ಇಲ್ಲೇ ಒಡೆಯಾಣ್ವಾ?" ಅಂದರು ಯಜಮಾನರು. ನಗಲಿಲ್ಲ, ಪಾಪ.

ದಾರಿಬದಿಯ ಕಲ್ಲಿಗೆ ಒಡೆದೆವು. ಅರ್ಧ ಹೋಳು ಅವಳಿಗೆ ಕೊಟ್ಟೆ, ಅಲ್ಲೇ ಕೂತು ತಿಂದಳು. ಕಾಯಿ ಕೆಟ್ಟಿರಲಿಲ್ಲ, ಪದ್ಮ ಇನ್ನೂ ಮಲಗಿದ್ದಳು. ಆ ಎರಡಕ್ಕೆ ದೇವರಿಗೆ ನಮಸ್ಕಾರ.

ಪಾಟನ್

ಇನ್ನು ಬಂದ ಕೆಲಸ. ಪಾಟನ್ನಿನ ಒಂದು ಓಣಿಗೆ ಹೊಕ್ಕರೆ ಎಲ್ಲ ಮನೆಗಳಿಂದಲೂ ಸುತ್ತಿಗೆಯ ಸದ್ದು. ಒಂದು ಅಂಗಡಿಯಲ್ಲಿ ವಯಸ್ಸಾದ ಕಸುಬಿನವರು ನೆಲದ ಮೇಲೆ ಕೂತು ತಗಡು ಬಡಿಯುತ್ತಿದ್ದರು. ವ್ಯಾಪಾರ ನೋಡುತ್ತಿದ್ದವಳು ಅವರ ಸೊಸೆ. ನನ್ನನ್ನು ದಿದಿ ಅಂತ ಕರೆದಳು. ನಮಗಿಂತ ಮುಂಚೆ ಬಂದವರ ಕೈಯಿಂದ ನೋಟು ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡಳು, ನಮ್ಮಲ್ಲಿ ಬೋಣಿ ಮಾಡುವ ಹಾಗೇ. ಒಳ್ಳೆಯ ಮನೆತನ ಅಂದುಕೊಂಡೆ.

ಅಂಗಡಿಯ ತುಂಬ ಆಳೆತ್ತರದ ಬುದ್ಧರು, ತಾರಾದೇವಿಯರು. ಗೋಡೆಗೆ ಒರಗಿಸಿದ್ದ ಪ್ರಭಾವಳಿಗಳು ಗುಡಿಗಳಿಗಾಗಿ ಮಾಡಿದವು, ಸೂರು ಮುಟ್ಟುತ್ತಿದ್ದವು. ನಿಮ್ಮ ದೇವರು ಎಷ್ಟು ದೊಡ್ಡವನು ಅಂತ ಸೊಸೆ ಕೇಳಿದಳು. ನಾನು ಕಣ್ಣು ಮುಚ್ಚಿ ನಮ್ಮ ವೆಂಕಟರಮಣನನ್ನು ನೆನೆದು, ಒಂದು ಅಂಗೈ ಕೆಳಗೆ, ಒಂದು ಮೇಲೆ ಹಿಡಿದು ತೋರಿಸಿದೆ. ಯಜಮಾನರು ಮೆಲ್ಲಗೆ ಟೇಪು ತಂದು ಎರಡು ಅಂಗೈಗಳ ನಡುವೆ ಹಿಡಿದರು. ದೇವರನ್ನಲ್ಲ, ನಿನ್ನ ಕೈಯನ್ನು ಅಳೆಯುವುದು, ಅದಕ್ಕೆ ದೋಷವಿಲ್ಲ ಅಂದರು. ಅದೂ ಸರಿಯೇ. ಇನ್ನೊಂದು ಸಲ ತೋರಿಸು ಅಂದರು. ತೋರಿಸಿದೆ. ಮತ್ತೊಂದು ಸಲ ಅಂದರು.

"ಮೂರು ಸಲಕ್ಕೆ ಮೂರು ದೇವ್ರು ಬಂದ್ರು" ಅಂದಳು ಪದ್ಮ. "ಸಲಸಲಕ್ಕೂ ದೊಡ್ಡ ಆಗ್ತಾ ಇದಾನೆ."

ನಿನ್ನ ಬಾಯಿಂದ ನನ್ನ ಕೈ ನಡುಗಿತು ಅಂದೆ.

ಫೋಟೋ ಇದೆಯಾ ಅಂತ ಸೊಸೆ ಕೇಳಿದಳು. ಪದ್ಮಳ ಮೊಬೈಲಿನಲ್ಲಿತ್ತು. ಸೊಸೆ ವೆಂಕಟರಮಣನನ್ನು ನೋಡಲೇ ಇಲ್ಲ. ಪಕ್ಕದ ಬಾಲಕೃಷ್ಣನನ್ನು ತೋರಿಸಿ ಇವನು ಎಷ್ಟು ಎತ್ತರ ಅಂದಳು. ಹೆಬ್ಬೆರಳಷ್ಟು ಅಂದೆ. ಅವಳು ಮೊಬೈಲಿನ ಮೇಲೆ ಬೆರಳಿಟ್ಟು, ಒಬ್ಬ ಬಾಲಕೃಷ್ಣನ ಮೇಲೆ ಇನ್ನೊಬ್ಬನನ್ನು ನಿಲ್ಲಿಸಿದ ಹಾಗೆ ಲೆಕ್ಕ ಹಾಕಿ, ಒಳಗಿನಿಂದ ಒಂದು ಪ್ರಭಾವಳಿ ತಂದಳು. ಆ ಆಳೆತ್ತರದ ಬುದ್ಧರ ಮುಂದೆ ಅದು ಬೊಂಬೆಯ ಮನೆಯ ಬಾಗಿಲಿನಂತೆ ಕಂಡಿತು. ಇದು ನಮ್ಮ ನಂದಿಗೆ ಸರಿ ಅಂದೆ. ಅವಳ ಮಾವ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ತಗಡು ಬಡಿಯತೊಡಗಿದರು.

ಮೂಲೆಯಲ್ಲಿ ಇನ್ನೊಂದಿತ್ತು. ಸಿಂಹಮುಖ, ಅಂಚಿಗೆ ಬಳ್ಳಿ, ಎರಡು ಕಡೆ ಹಂಸ. ಗುಡಿಯ ಪ್ರಭಾವಳಿಗಳ ಪಕ್ಕ ಅದು ಅಡಕವಾಗಿ, ನಮ್ಮ ದೇವರಿಗೆ ಹೇಳಿ ಮಾಡಿಸಿದಂತೆ ನಿಂತಿತ್ತು. ಇದೇ ಅಂದೆ.

"ಇದು ದೊಡ್ಡದಾಯ್ತು ಕಣೇ" ಅಂದರು ಯಜಮಾನರು.

ಪದ್ಮ ಒಂದು ಉಪಾಯ ಹೇಳಿದಳು. ಅಮ್ಮನಿಗೆ ಫೋನ್ ಮಾಡಿ ದೇವರ ಪಕ್ಕದಲ್ಲಿ ಒಂದು ಲೋಟ ಇಟ್ಟು ಪಕ್ಕದ ಮನೆಯವರ ಕೈಲಿ ಫೋಟೋ ತೆಗೆಸಲು ಹೇಳೋಣ, ಲೋಟದ ಅಳತೆ ಹೇಗೂ ಗೊತ್ತು ಅಂತ. ಈಗ ಯೋಚಿಸಿದರೆ ಅದಕ್ಕಿಂತ ಸರಳವಾದ ಮಾತು ಆ ಇಡೀ ಪ್ರವಾಸದಲ್ಲಿ ಯಾರೂ ಆಡಿರಲಿಲ್ಲ. ಆದರೆ ಅದನ್ನು ಆಡಿದವಳು ಪದ್ಮ. ದೇವರ ಮಗ್ಗುಲಲ್ಲಿ ಕಾಫಿ ಲೋಟ ಇಡುವ ಸಂಸ್ಕಾರ ಸಾಗರದಲ್ಲಿ ಇರಬಹುದು, ನಮ್ಮಲ್ಲಿ ಇಲ್ಲ ಅಂದೆ. ಅತ್ತೆ ನನ್ನ ಕಣ್ಣು ಸಾಕು ಅಂದಿದ್ದಾರೆ ಅಂತಲೂ ಸೇರಿಸಿದೆ. ಅವಳು ಹೊರಗೆ ಹೋಗಿ ಪಾರಿವಾಳಗಳಿಗೆ ಜೋಳ ಹಾಕುತ್ತಾ ನಿಂತಳು. ನಾನು ದೊಡ್ಡದನ್ನೇ ಬಟ್ಟೆಯಲ್ಲಿ ಗಂಟು ಕಟ್ಟಿಸಿದೆ.

ವಿಮಾನ ನಿಲ್ದಾಣ

ಕೈಚೀಲ ಎಷ್ಟು ದೊಡ್ಡದಿರಬಹುದು ಅಂತ ನೋಡಲು ಅಲ್ಲಿ ಒಂದು ಕಬ್ಬಿಣದ ಚೌಕಟ್ಟು ಇಟ್ಟಿರುತ್ತಾರೆ. ಅದರೊಳಗೆ ಹೋದರೆ ವಿಮಾನದೊಳಗೆ ಬಿಡುತ್ತಾರೆ. ನನ್ನ ಗಂಟು ಅರ್ಧವೂ ಹೋಗಲಿಲ್ಲ. ಚೌಕಟ್ಟನ್ನು ಜಿಪುಣರು ಮಾಡಿದ್ದಾರೆ ಅಂತ ನಾನು ಕನ್ನಡದಲ್ಲಿ ಬೈಯುತ್ತಿರುವಾಗ ಅಲ್ಲಿದ್ದ ಅಧಿಕಾರಿಯೊಬ್ಬ ಬಟ್ಟೆ ಸರಿಸಿ ಸಿಂಹಮುಖ ನೋಡಿದ. ಕೈಮುಗಿದು, ಗಂಟನ್ನು ಸಿಬ್ಬಂದಿಯ ಕೈಗೆ ಒಪ್ಪಿಸಿ ಒಳಗೆ ಜೋಪಾನವಾಗಿ ಇಡಿಸಿದ. ದೇವರು ದೊಡ್ಡವನು ಅಂತ ನೆಮ್ಮದಿಯಿಂದ ಕೂತೆ. ದೊಡ್ಡದು ಯಾವುದು ಅಂತ ಆಗಲೂ ಹೊಳೆಯಲಿಲ್ಲ.

ಮತ್ತೆ ತೀರ್ಥಹಳ್ಳಿ

ಪೂಜೆಯ ಹಿಂದಿನ ದಿನ, ಶುಕ್ರವಾರ, ದೇವರುಗಳನ್ನು ಹುಣಸೆಹಣ್ಣು ಹಚ್ಚಿ ತೊಳೆಯಲು ಇಳಿಸಿದೆವು. ಪದ್ಮ ನೆರವಿಗೆ ಅಂತ ಸಾಗರದಿಂದ ಬೆಳಿಗ್ಗೆಯ ಬಸ್ಸಿಗೇ ಬಂದಿದ್ದಳು. ಅತ್ತೆ ಹೊಸ್ತಿಲ ಹೊರಗೆ ಕುರ್ಚಿಯಲ್ಲಿ ಕೂತಿದ್ದರು. ಮೊದಲು ಬಾಲಕೃಷ್ಣನನ್ನು ತೆಗೆದೆ. ಅನ್ನಪೂರ್ಣೆಯನ್ನು ತೆಗೆದೆ. ನಂದಿ, ಸಾಲಿಗ್ರಾಮಗಳು. ಎಲ್ಲ ತಟ್ಟೆಗೆ ಇಳಿಸಿ ತಲೆಯೆತ್ತಿ ನೋಡಿದರೆ, ಬರಿದಾದ ಮಣೆಯ ಮೇಲೆ ವೆಂಕಟರಮಣ ಒಬ್ಬನೇ ನಿಂತಿದ್ದ.

ಚಿಕ್ಕವನು. ಎಷ್ಟು ಚಿಕ್ಕವನು ಅಂದರೆ, ಯಾರೋ ನಾವಿಲ್ಲದಾಗ ಬದಲಾಯಿಸಿ ಹೋಗಿದ್ದಾರೇನೋ ಅನ್ನಿಸಿತು. ಇಷ್ಟು ವರ್ಷ ಒಬ್ಬೊಬ್ಬರನ್ನೇ ತೆಗೆದು, ತೊಳೆದು, ತಕ್ಷಣ ಇಟ್ಟು ಅಭ್ಯಾಸ. ಅವನೊಬ್ಬನನ್ನೇ ಬಿಟ್ಟು ಯಾವತ್ತೂ ನೋಡಿರಲಿಲ್ಲ. ಕಿತ್ತಳೆ ಬಣ್ಣದ ಬಿಲ್ಲೆ ಕಣ್ಣ ಮುಂದೆ ಬಂತು. ಆ ರಟ್ಟೂ ಬಂತು.

ಯಜಮಾನರು ಗಂಟು ಬಿಚ್ಚಿ ಪ್ರಭಾವಳಿಯನ್ನು ಅವನ ಹಿಂದೆ ನಿಲ್ಲಿಸಿದರು. ನನ್ನ ತವರಿನ ಕಡೆಯ ನಗರ ಕೋಟೆಯ ಬಾಗಿಲಿನಲ್ಲಿ ಒಂದನೇ ಕ್ಲಾಸಿನ ಮಗು ನಿಂತ ಹಾಗೆ ಕಂಡ. ಬುದ್ಧರ ನಡುವೆ ಅಡಕವಾಗಿದ್ದ ಆ ಸಿಂಹಮುಖ ಈಗ ಅವನ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ ಆಕಳಿಸುತ್ತಿತ್ತು.

ನಾನು ಪದ್ಮಳ ಮಾತಿಗೆ ಕಾದೆ. ಅವಳು ಆಗಲೇ ತೊಳೆದಿದ್ದ ಅನ್ನಪೂರ್ಣೆಯನ್ನು ಮತ್ತೆ ತಿಕ್ಕತೊಡಗಿದಳು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಹೊಸ್ತಿಲಿಗೆ ಬಂದು ಅತ್ತೆಯ ಮುಂದೆ ಕೂತೆ. "ನನ್ನ ಕಣ್ಣು ತಪ್ತು ಅತ್ತೆ" ಅಂದೆ.

ಅತ್ತೆ ಕುರ್ಚಿಯಿಂದ ಮುಂದೆ ಬಾಗಿ, ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಇಷ್ಟು ದಿನ ಚಿಕ್ಕೋರ ಮಧ್ಯ ನಿಂತು ದೊಡ್ಡಸ್ತಿಕೆ ಮಾಡ್ತಿದ್ದ" ಅಂದರು. ಅದು ದೇವರಿಗೋ ನನಗೋ ಗೊತ್ತಾಗಲಿಲ್ಲ. ಆಮೇಲೆ ಮಗನ ಕಡೆ ತಿರುಗಿದರು.

"ಇಸ್ಕೂಲ್ ಮಕ್ಕಳ ಅಂಗಿಗೆ ನೀನು ಒಳಗೆ ಬಟ್ಟೆ ಬಿಟ್ಟೇ ಹೊಲಿಯದಲ್ವನೋ?"

ಹೌದು ಅಂದರು ಯಜಮಾನರು.

"ಮತ್ತೆಂತ? ಅಳದ್ರೆ ಬೆಳೆಯಲ್ಲ ಅಂತ ಈ ಮನೇಲಿ ಹೇಳ್ಕಂಡು ಬಂದಿದ್ದು ನಾವೇ. ನಾವಂತೂ ಅಳೀಲಿಲ್ಲ. ಬೆಳೀಲಿ ಅವನು. ಜಾಗ ಬಿಟ್ಟಿದಾಳಲ್ಲ ಇವಳು."

ಮರುದಿನ ಎಲ್ಲರೂ ಬಂದರು. ಚಿಕ್ಕ ದೇವರುಗಳನ್ನೂ ಕಮಾನಿನ ಒಳಗೇ ಸಾಲಾಗಿ ಇಟ್ಟಿದ್ದೆವು. ಆದರೂ ಹೊಸನಗರದಿಂದ ಬಂದ ನಮ್ಮ ದೊಡ್ಡಮ್ಮ ಮಂಗಳಾರತಿ ತೆಗೆದುಕೊಂಡು, ಕತ್ತು ಓರೆ ಮಾಡಿ, ಪ್ರಭಾವಳಿ ಸ್ವಲ್ಪ ದೊಡ್ಡದಾಯಿತಾ ಅಂತ ಕೇಳಿಯೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪದ್ಮ ಹೇಳಿದಳು:

"ಬೆಳೆಯೋ ದೇವ್ರು ದೊಡ್ಡಮ್ಮ. ಅತ್ತಿಗೆ ಬೇಕಂತ್ಲೇ ಲೂಸ್ ತಂದಿದ್ದು."

ಆ ಪ್ರವಾಸದಲ್ಲಿ ನನಗೆ ಸಿಕ್ಕ ಪುಣ್ಯಗಳಲ್ಲಿ ಅದನ್ನು ಕೊನೆಯದಾಗಿ ಎಣಿಸಿದ್ದೇನೆ. ದೊಡ್ಡದಾ ಚಿಕ್ಕದಾ ಅಂತ ಹೇಳುವುದಿಲ್ಲ.

ಈಗ ದಿನಾ ಬೆಳಿಗ್ಗೆ ದೀಪ ಹಚ್ಚಿ, ಎದುರಿಗೆ ನಿಂತು ನೋಡುತ್ತೇನೆ. ಇನ್ನೂ ಬೆಳೆದ ಹಾಗೆ ಕಾಣುವುದಿಲ್ಲ. ಬೆಳೆದಿರಲೂಬಹುದು. ನೋಡುತ್ತಿರುವುದು ನನ್ನ ಕಣ್ಣು ತಾನೇ.